ಹಿಮದ ಮಳೆಗಾಲದಲ್ಲಿ ನಡೆಯುವುದು: ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಮೊದಲ ಸಲ ಸ್ನೋಶೂ ಕಟ್ಟುವವರಿಗೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಸುತ್ತಮುತ್ತ ನೆಲೆಸಿರುವ ನಮ್ಮವರ ಮನೆಗಳಲ್ಲಿ ಡಿಸೆಂಬರ್ ಬಂದರೆ ಸಾಕು, ಹಿಮ ನೋಡಲು ಹೋಗುವ ಮಾತು ಶುರುವಾಗುತ್ತದೆ. ಹೋಗುತ್ತಾರೆ. ಕಾರಿನಿಂದ ಇಳಿದು ಫೋಟೊ ತೆಗೆಯುತ್ತಾರೆ, ಮಕ್ಕಳು ಹಿಮದ ಉಂಡೆ ಕಟ್ಟಿ ಎಸೆದಾಡುತ್ತಾರೆ. ಅರ್ಧ ಗಂಟೆಯಲ್ಲಿ ಬೂಟಿನೊಳಕ್ಕೆ ನೀರು ಇಳಿದು, ಬೆರಳು ಮರಗಟ್ಟಿ, ಎಲ್ಲರೂ ಕಾರಿನ ಹೀಟರ್‌ಗೆ ಮರಳುತ್ತಾರೆ. ನಾನು ಮೊದಲೆರಡು ಚಳಿಗಾಲ ಕಳೆದದ್ದೂ ಹೀಗೆಯೇ. ಮೂರನೆಯ ವರ್ಷ ಒಬ್ಬ ಸಹೋದ್ಯೋಗಿ ಹಿಮದಲ್ಲಿ ಹೂತುಹೋಗದಂತೆ ಬೂಟಿಗೆ ಕಟ್ಟಿಕೊಳ್ಳುವ ಒಂದು ಜೊತೆ ಸ್ನೋಶೂ ಕೊಟ್ಟು ಕಾಡಿನೊಳಕ್ಕೆ ಕರೆದುಕೊಂಡು ಹೋದರು. ರಸ್ತೆಯಿಂದ ಇನ್ನೂರು ಹೆಜ್ಜೆ ದಾಟಿದ ಮೇಲೆ ಕವಿದ ಆ ಮೌನವನ್ನು ಇಂದಿಗೂ ಮರೆತಿಲ್ಲ. ಅಲ್ಲಿಂದೀಚೆಗೆ ಹಿಮ ನೋಡಲು ಹೋಗುವುದನ್ನು ಬಿಟ್ಟು, ಹಿಮದಲ್ಲಿ ನಡೆಯಲು ಹೋಗುತ್ತಿದ್ದೇನೆ.

ಹಾಗೆ ನಡೆಯಬೇಕೆಂದುಕೊಂಡು, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕುಳಿತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ತೀರ್ಥಹಳ್ಳಿ ಕಡೆಯವನು, ಹಿಮ ಕಂಡು ಬೆಳೆದವನಲ್ಲ. ಆದರೂ ಇಲ್ಲಿಯ ಹಿಮವನ್ನು ಅರ್ಥಮಾಡಿಕೊಳ್ಳಲು ಊರಿನ ಮಳೆಗಾಲ ನೆರವಾದಷ್ಟು ಬೇರೆ ಯಾವುದೂ ಆಗಲಿಲ್ಲ. ಅರಬ್ಬೀ ಸಮುದ್ರದಿಂದ ತೇವ ಹೊತ್ತ ಗಾಳಿ ಸಹ್ಯಾದ್ರಿಯ ಗೋಡೆಯನ್ನು ಏರುತ್ತಾ ತಣ್ಣಗಾಗಿ ಆಗುಂಬೆಯಲ್ಲಿ ಸುರಿದುಬಿಡುತ್ತದೆ. ಇಲ್ಲಿ ಪೆಸಿಫಿಕ್ ಸಾಗರದ ಗಾಳಿ ಕ್ಯಾಸ್ಕೇಡ್ ಶ್ರೇಣಿಯನ್ನು ಏರಿ ಅದೇ ಕೆಲಸ ಮಾಡುತ್ತದೆ. ಚಳಿಯ ತಿಂಗಳುಗಳಾದ್ದರಿಂದ ಬೀಳುವುದು ಹಿಮ. ಮೌಂಟ್ ರೇನಿಯರ್‌ನ ದಕ್ಷಿಣ ಮಗ್ಗುಲಿನ ಪ್ಯಾರಡೈಸ್ ಎಂಬಲ್ಲಿ 1971–72ರ ಒಂದೇ ವರ್ಷದಲ್ಲಿ 28.5 ಮೀಟರ್ ಹಿಮ ಬಿದ್ದು ವಿಶ್ವದಾಖಲೆಯಾಯಿತು. 1998–99ರಲ್ಲಿ ಇದೇ ರಾಜ್ಯದ ಮೌಂಟ್ ಬೇಕರ್ ಸ್ಕೀ ಪ್ರದೇಶ ಸುಮಾರು 29 ಮೀಟರ್‌ನೊಂದಿಗೆ ಅದನ್ನು ಮುರಿಯಿತು. ಶ್ರೇಣಿ ದಾಟಿ ಪೂರ್ವಕ್ಕೆ ಇಳಿದರೆ ಸಿಗುವುದು ಮಳೆ ನೆರಳಿನ ನಾಡು, ನಮ್ಮ ಬಯಲುಸೀಮೆಯಂತೆ.

ಈ ಹೋಲಿಕೆಯಿಂದ ಹೊರಡುವ ಪಾಠ ಒಂದೇ. ಪಶ್ಚಿಮ ಮಗ್ಗುಲಿನಲ್ಲಿ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಓಲಾಡುತ್ತಿರುತ್ತದೆ. ಬೆಳಿಗ್ಗೆ ಹಿಮ, ಮಧ್ಯಾಹ್ನ ಮಳೆ, ಸಂಜೆ ಮತ್ತೆ ಹಿಮ. ಬಿದ್ದ ಹಿಮವೂ ನೀರು ತುಂಬಿ ಭಾರವಾಗಿರುತ್ತದೆ. ಸ್ಥಳೀಯರು ಅದನ್ನು ‘ಕ್ಯಾಸ್ಕೇಡ್ ಕಾಂಕ್ರೀಟ್’ ಎನ್ನುತ್ತಾರೆ. ಹಾಗಾಗಿ ಇಲ್ಲಿ ನಮ್ಮನ್ನು ಸೋಲಿಸುವುದು ಚಳಿಗಿಂತ ಹೆಚ್ಚಾಗಿ ಒದ್ದೆ. ಮುಂದೆ ಹೇಳುವ ಬಟ್ಟೆ, ಹಾದಿ, ಇಳಿಜಾರಿನ ಮಾತುಗಳೆಲ್ಲ ಈ ಒದ್ದೆಯ ಸುತ್ತಲೇ ತಿರುಗುತ್ತವೆ.

ಸ್ನೋಶೂವಿನಿಂದಲೇ ಏಕೆ ಶುರು ಮಾಡಬೇಕು

ನಡೆಯಲು ಬರುವವರಿಗೆಲ್ಲ ಇದು ಬರುತ್ತದೆ. ಸ್ಕೀಯಿಂಗ್‌ಗೆ ಪಾಠ ಬೇಕು, ಲಿಫ್ಟ್ ಟಿಕೆಟ್ ಬೇಕು, ಬಿದ್ದು ಏಳುವ ತಾಳ್ಮೆ ಬೇಕು. ಸ್ನೋಶೂ ಎಂದರೆ ಬೂಟಿನ ಕೆಳಗೆ ಕಟ್ಟಿಕೊಳ್ಳುವ ಅಗಲವಾದ ಹಲಗೆ, ಅಷ್ಟೇ. ಉತ್ತರ ಅಮೆರಿಕದ ಮೂಲನಿವಾಸಿಗಳು ಆಶ್ ಮರದ ಕೋಲನ್ನು ಬಾಗಿಸಿ, ಹಸಿ ತೊಗಲಿನ ದಾರದಿಂದ ಜಾಲ ಹೆಣೆದು ಇದನ್ನು ಮಾಡಿಕೊಳ್ಳುತ್ತಿದ್ದರು. ಚಳಿಗಾಲದ ಬೇಟೆ, ಪ್ರಯಾಣ ಎಲ್ಲವೂ ಅದರ ಮೇಲೆಯೇ ನಡೆಯುತ್ತಿತ್ತು. ಈಗ ಚೌಕಟ್ಟು ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್, ಅಡಿಯಲ್ಲಿ ಉಕ್ಕಿನ ಹಲ್ಲು. ತತ್ವ ಮಾತ್ರ ಬದಲಾಗಿಲ್ಲ. ಒಂದು ಬೂಟಿನ ಅಡಿ ಸುಮಾರು 250 ಚದರ ಸೆಂಟಿಮೀಟರ್ ಇದ್ದರೆ, ಇಪ್ಪತ್ತು ಸೆಂಟಿಮೀಟರ್ ಅಗಲ, ಅರವತ್ತು ಸೆಂಟಿಮೀಟರ್ ಉದ್ದದ ಸ್ನೋಶೂ 1,200 ಚದರ ಸೆಂಟಿಮೀಟರ್. ನಮ್ಮ ಭಾರ ಸುಮಾರು ಐದು ಪಟ್ಟು ಹರಡಿಕೊಳ್ಳುತ್ತದೆ. ಬೂಟಿನಲ್ಲಿ ಸೊಂಟದವರೆಗೆ ಹೂತುಹೋಗುವ ಕಡೆ ಇದನ್ನು ಕಟ್ಟಿದರೆ ಒಂದು ಗೇಣು ಮಾತ್ರ ಇಳಿಯುತ್ತೇವೆ.

ಮೊದಲ ಸಲವೇ ಕೊಳ್ಳಬೇಡಿ. ಸಿಯಾಟಲ್ ಪರ್ವತಾರೋಹಣ ಸಾಮಗ್ರಿಗಳ ತವರು. ದೊಡ್ಡ ಅಂಗಡಿಗಳಲ್ಲಿ ಸ್ನೋಶೂ ದಿನದ ಬಾಡಿಗೆಗೆ ಸಿಗುತ್ತದೆ. ಅಳತೆ ನಿಮ್ಮ ಎತ್ತರದ ಮೇಲೆ ನಿಲ್ಲುವುದಿಲ್ಲ, ತೂಕದ ಮೇಲೆ ನಿಲ್ಲುತ್ತದೆ, ಬೆನ್ನಚೀಲವನ್ನೂ ಸೇರಿಸಿ. ಸುಮಾರು 80 ಕಿಲೋವರೆಗೆ 22 ಇಂಚಿನದು ಸಾಕು, ಅದಕ್ಕಿಂತ ಹೆಚ್ಚಿದ್ದರೆ 25 ಇಂಚು. ಮಕ್ಕಳಿಗೆ ಪುಟ್ಟವು ಬೇರೆಯೇ ಇವೆ. ದೊಡ್ಡದಿದ್ದಷ್ಟೂ ಒಳ್ಳೆಯದೆಂದುಕೊಂಡರೆ ತೊಡೆ ಸೋಲುತ್ತದೆ. ಇಲ್ಲಿಯ ಭಾರದ ಹಿಮ ಸ್ವಲ್ಪ ಚಿಕ್ಕ ಸ್ನೋಶೂವನ್ನೂ ಹೊರುತ್ತದೆ. ಹಿಮ್ಮಡಿಯ ಕೆಳಗೆ ಎತ್ತಿ ನಿಲ್ಲಿಸುವ ಕಂಬಿ ಇರುವುದನ್ನೇ ಕೇಳಿ, ಏರು ಹತ್ತುವಾಗ ಅದು ಮೀನಖಂಡವನ್ನು ಉಳಿಸುತ್ತದೆ. ಜೊತೆಗೆ ತುದಿಯಲ್ಲಿ ಅಗಲವಾದ ಬಿಲ್ಲೆಯಿರುವ ಎರಡು ಕೋಲುಗಳು ಬೇಕು. ಬಿಲ್ಲೆ ಇಲ್ಲದ ಕೋಲು ಹಿಮದೊಳಕ್ಕೆ ಹಿಡಿಯವರೆಗೂ ಇಳಿದುಹೋಗುತ್ತದೆ.

ಬಟ್ಟೆ: ಕಂಬಳಿಕೊಪ್ಪೆಯ ಪಾಠ

ಮೊದಲ ಬಾರಿ ನಾನು ಜೀನ್ಸ್ ತೊಟ್ಟು, ಒಳಗೆ ಹತ್ತಿ ಬನಿಯನ್ ಹಾಕಿ, ಮೇಲೆ ದಪ್ಪನೆಯ ಜಾಕೆಟ್ ಏರಿಸಿಕೊಂಡು ಹೋಗಿದ್ದೆ. ಒಂದು ಗಂಟೆಯಲ್ಲಿ ಜೀನ್ಸ್ ಮೊಣಕಾಲಿನವರೆಗೆ ನೆನೆದು, ಗಾಳಿಗೆ ಹಲಗೆಯಂತೆ ಸೆಟೆಯಿತು. ಒಳಗಿನ ಬನಿಯನ್ ಬೆವರು ಕುಡಿದು ಬೆನ್ನಿಗೆ ಅಂಟಿಕೊಂಡಿತು. ನಡೆಯುವಷ್ಟು ಹೊತ್ತೂ ಸೆಖೆ, ನಿಂತ ಕೂಡಲೇ ನಡುಕ. ಹತ್ತಿ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಎಳೆಗಳ ನಡುವಿನ ಗಾಳಿಯನ್ನು ಹೊರದೂಡುತ್ತದೆ, ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಊರಿನ ಬೇಸಿಗೆಯಲ್ಲಿ ಅದರ ಗುಣವೇ ಅದು. ಇಲ್ಲಿ ಮಾತ್ರ ಅದೇ ಗುಣ ಪ್ರಾಣಕ್ಕೆ ಕುತ್ತು ತರಬಲ್ಲದು.

ಮಲೆನಾಡಿನಲ್ಲಿ ನೆಟ್ಟಿಯ ದಿನಗಳಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಇಡೀ ದಿನ ಗದ್ದೆಯಲ್ಲಿ ಬಗ್ಗಿ ದುಡಿಯುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಬಳಿ ನೆನೆದು ತೂಕವಾಗಿದ್ದರೂ ಒಳಗಿನ ಮೈ ಬೆಚ್ಚಗಿರುತ್ತದೆ. ಉಣ್ಣೆಯ ಎಳೆ ಗುಂಗುರಾಗಿರುತ್ತದೆ. ನೆನೆದರೂ ಚಪ್ಪಟೆಯಾಗದೆ ಗಾಳಿಯನ್ನು ತನ್ನೊಳಗೆ ಉಳಿಸಿಕೊಳ್ಳುತ್ತದೆ. ಆದ್ದರಿಂದ ಮೈಗೆ ತಾಗುವ ಮೊದಲ ಪದರ ತೆಳುವಾದ ಮೆರಿನೊ ಉಣ್ಣೆಯದಾಗಿರಲಿ, ಇಲ್ಲವೇ ಪಾಲಿಯೆಸ್ಟರ್ ಥರ್ಮಲ್ ಆಗಿರಲಿ, ಮೇಲಕ್ಕೂ ಕೆಳಕ್ಕೂ. ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಕೃತಕ ನೂಲಿನ ಅಂಗಿ. ಎಲ್ಲಕ್ಕೂ ಹೊರಗೆ ನೀರು ಒಳಬಿಡದ ಜಾಕೆಟ್ ಮತ್ತು ಪ್ಯಾಂಟ್. ಕಾಲುಚೀಲ ಉಣ್ಣೆಯದೇ ಆಗಬೇಕು, ಚೀಲದಲ್ಲಿ ಇನ್ನೊಂದು ಜೊತೆ ಒಣಗಿದ್ದು ಇರಬೇಕು. ಬೂಟಿನ ಬಾಯಿಯಿಂದ ಹಿಮ ನುಗ್ಗದಂತೆ ಮೊಣಕಾಲಿನವರೆಗೆ ಕಟ್ಟುವ ಗೇಟರ್ ಎಂಬ ಹೊದಿಕೆ ಅಗ್ಗವಾಗಿ ಸಿಗುತ್ತದೆ. ನನ್ನ ಮಟ್ಟಿಗೆ ಜಾಕೆಟ್‌ಗಿಂತಲೂ ಅದೇ ಹೆಚ್ಚು ಉಪಕಾರಿ. ಕೈಗವಸು ಎರಡು ಜೊತೆ ಒಯ್ಯಿರಿ, ಒಂದಂತೂ ನೆನೆದೇ ನೆನೆಯುತ್ತದೆ.

ಮಳೆ, ಹಿಮದಷ್ಟೇ ನಮ್ಮ ಬೆವರೂ ಒದ್ದೆ ಮಾಡುತ್ತದೆ. ಇದನ್ನು ತಡೆಯಲು ಇರುವ ಒಂದೇ ಉಪಾಯ, ಹೊರಡುವಾಗ ಸ್ವಲ್ಪ ಚಳಿಯಾಗುವಷ್ಟೇ ಬಟ್ಟೆ ತೊಡುವುದು. ಕಾರಿನ ಬಳಿ ಬೆಚ್ಚಗಿದ್ದರೆ ಹತ್ತು ನಿಮಿಷದಲ್ಲಿ ಬೆವರುತ್ತೀರಿ. ಏರು ಬರುವ ಮೊದಲೇ ನಿಂತು ಫ್ಲೀಸ್ ತೆಗೆಯಿರಿ. ವಿಶ್ರಾಂತಿಗೆ ಕುಳಿತ ಕ್ಷಣವೇ, ಚಳಿ ತಾಗುವ ಮುನ್ನ, ದಪ್ಪ ಜಾಕೆಟ್ ಹಾಕಿಕೊಳ್ಳಿ. ಹಾಕುವುದು, ತೆಗೆಯುವುದು ಬೇಸರದ ಕೆಲಸವೇ. ಆದರೂ ದಿನವಿಡೀ ಒಣಗಿದ ಮೈಯಲ್ಲಿರುವವರು ಮಾಡುವುದು ಇದನ್ನೇ.

ಬಿಸಿಲಿದ್ದ ದಿನ ತಂಪು ಕನ್ನಡಕ ಬೇಕೇ ಬೇಕು. ಹೊಸ ಹಿಮ ನೇರಳಾತೀತ ಕಿರಣಗಳ ಶೇ 80ರಷ್ಟನ್ನು ಹಿಂದಕ್ಕೆ ಹಾಯಿಸಬಲ್ಲದು. ಬರಿಗಣ್ಣಿನಲ್ಲಿ ಇಡೀ ದಿನ ಕಳೆದರೆ ರಾತ್ರಿ ಕಣ್ಣಿಗೆ ಮರಳು ಹೊಕ್ಕಂತೆ ಉರಿಯುತ್ತದೆ. ಗಲ್ಲದ ಕೆಳಭಾಗಕ್ಕೂ, ಮೂಗಿನ ಅಡಿಗೂ ಸನ್‌ಸ್ಕ್ರೀನ್ ಹಚ್ಚಿ. ಬೆಳಕು ಕೆಳಗಿನಿಂದಲೂ ಬರುತ್ತದೆ.

ಮೊದಲ ದಿನಕ್ಕೆ ಜಾಗ

ಸಿಯಾಟಲ್‌ನಿಂದ ಸುಮಾರು 85 ಕಿಲೋಮೀಟರ್ ದೂರದ ಸ್ನೋಕ್ವಾಲ್ಮಿ ಪಾಸ್ ಎಂಬ ಘಾಟಿಯ ಬಳಿಯ ಗೋಲ್ಡ್ ಕ್ರೀಕ್ ಪಾಂಡ್ ಎಂಬ ಕೊಳ ನನ್ನ ಆಯ್ಕೆ. ಹಾದಿ ಹೆಚ್ಚುಕಡಿಮೆ ಸಮತಟ್ಟು. ಕೊಳ ತಲುಪಿ, ಸುತ್ತಿ ಬರಲು ಎರಡು ಗಂಟೆ ಇಟ್ಟುಕೊಳ್ಳಿ. ಸುತ್ತ ಬಿಳಿ ಶಿಖರಗಳ ಬಟ್ಟಲಿನಲ್ಲಿ ನಿಂತ ಹಾಗಿರುತ್ತದೆ. ಹೆಪ್ಪುಗಟ್ಟಿದಂತೆ ಕಂಡರೂ ಕೊಳದ ಮೇಲೆ ಕಾಲಿಡಬೇಡಿ. ಇಲ್ಲಿಯ ಚಳಿ ಮಂಜುಗಡ್ಡೆಯನ್ನು ನಂಬುವಷ್ಟು ಗಟ್ಟಿ ಮಾಡುವುದಿಲ್ಲ. ಕೊಳದಿಂದ ಮುಂದೆ ಕಣಿವೆಯೊಳಕ್ಕೆ ಹೋಗುವ ಹೆಜ್ಜೆ ಗುರುತುಗಳು ಕಾಣುತ್ತವೆ. ಅವು ಹಿಮಕುಸಿತದ ಜಾಡುಗಳ ಕೆಳಗೆ ಹಾಯುವುದರಿಂದ ಹಿಂಬಾಲಿಸಬೇಡಿ. ವಾಹನ ನಿಲ್ಲಿಸಲು ಸ್ನೋ-ಪಾರ್ಕ್ ಪರವಾನಗಿ ಬೇಕು. ನವೆಂಬರ್ 1ರಿಂದ ಏಪ್ರಿಲ್ 30ರವರೆಗಿನ ಈ ಪರವಾನಗಿಯನ್ನು ಮನೆಯಿಂದಲೇ ಕೊಂಡು ಮುದ್ರಿಸಿಕೊಂಡು ಹೋಗಿ. ರಾಜ್ಯದ ಉದ್ಯಾನಗಳಲ್ಲಿ ವಾಹನ ನಿಲ್ಲಿಸಲು ಕೊಳ್ಳುವ ಡಿಸ್ಕವರ್ ಪಾಸ್ ಇದಕ್ಕೆ ಬದಲಿಯಾಗುವುದಿಲ್ಲ.

ಎರಡನೆಯ ಸಲಕ್ಕೆ ಪ್ಯಾರಡೈಸ್. ಸಿಯಾಟಲ್‌ನಿಂದ ಎರಡೂವರೆ ಗಂಟೆಯ ದಾರಿ, ಸುಮಾರು 1,650 ಮೀಟರ್ ಎತ್ತರ. ನಿಸ್ಕ್ವಾಲಿ ವಿಸ್ಟಾ ಎಂಬ ಎರಡು ಕಿಲೋಮೀಟರ್‌ನ ಸುತ್ತು ಹಾದಿಯಲ್ಲಿ, ಮೋಡ ಸರಿದರೆ, 4,392 ಮೀಟರ್‌ನ ಮೌಂಟ್ ರೇನಿಯರ್ ಎದುರಿಗೇ ನಿಲ್ಲುತ್ತದೆ. ಕೆಳಗೆ ನಿಸ್ಕ್ವಾಲಿ ಹಿಮನದಿ. ಲಾಂಗ್‌ಮೈರ್ ಗೇಟನ್ನು ರಾತ್ರಿ ಮುಚ್ಚುತ್ತಾರೆ, ಬೆಳಿಗ್ಗೆ ಹಿಮ ಸರಿಸಿದ ಮೇಲೆ ತೆರೆಯುತ್ತಾರೆ. ವಾರದ ನಡುವಿನ ದಿನಗಳಲ್ಲಿ ತೆರೆಯದ ಚಳಿಗಾಲಗಳೂ ಇವೆ. ಹೊರಡುವ ಬೆಳಿಗ್ಗೆ ರೇನಿಯರ್ ರಾಷ್ಟ್ರೀಯ ಉದ್ಯಾನದ ಪ್ರಕಟಣೆ ನೋಡದೆ ಮನೆ ಬಿಡಬೇಡಿ.

ಬೇಸಿಗೆಯಲ್ಲಿ ನಡೆದು ಪರಿಚಯವಿದ್ದ ಹಾದಿ ಎಂಬ ಧೈರ್ಯದಿಂದ ಚಳಿಗಾಲದಲ್ಲಿ ಹೊರಡಬಾರದು. ಎಲ್ಲರೂ ಇಷ್ಟಪಡುವ ಸ್ನೋ ಲೇಕ್ ದಾರಿಯೇ ಉದಾಹರಣೆ. ಜುಲೈಯಲ್ಲಿ ಮಕ್ಕಳೂ ಓಡಾಡುವ ಆ ದಾರಿ ಜನವರಿಯಲ್ಲಿ ಹಿಮ ಜಾರಿಬರುವ ಕೊರಕಲುಗಳನ್ನು ಒಂದಾದ ಮೇಲೊಂದು ದಾಟುತ್ತದೆ.

ರಸ್ತೆ

ನಡಿಗೆಗಿಂತ ಚಾಲನೆಯಲ್ಲೇ ಹೆಚ್ಚು ಜನ ಕಷ್ಟಪಡುತ್ತಾರೆ. ರೇನಿಯರ್ ಉದ್ಯಾನದೊಳಗೆ ನವೆಂಬರ್ 1ರಿಂದ ಮೇ 1ರವರೆಗೆ ಎಲ್ಲ ವಾಹನಗಳೂ ಚಕ್ರಕ್ಕೆ ಸುತ್ತುವ ಚೈನ್ ಒಯ್ಯಲೇಬೇಕು, ನಾಲ್ಕೂ ಚಕ್ರ ಎಳೆಯುವ ವಾಹನವಾದರೂ. ಚೈನ್ ಹಾಕುವುದನ್ನು ಮನೆಯ ಗ್ಯಾರೇಜಿನಲ್ಲಿ ಒಣ ನೆಲದ ಮೇಲೆ ಎರಡು ಸಲ ಅಭ್ಯಾಸ ಮಾಡಿ. ಬೀಳುವ ಹಿಮದಲ್ಲಿ, ಕತ್ತಲಲ್ಲಿ, ಮರಗಟ್ಟಿದ ಬೆರಳುಗಳಿಂದ ಮೊದಲ ಬಾರಿ ಪೆಟ್ಟಿಗೆ ಬಿಚ್ಚುವ ಪಾಡು ಯಾರಿಗೂ ಬೇಡ. ಬ್ರೇಕನ್ನು ಮೆಲ್ಲಗೆ ಒತ್ತಿ, ಮುಂದಿನ ವಾಹನದಿಂದ ಆಗುಂಬೆ ಘಾಟಿಯ ಮಂಜಿನಲ್ಲಿ ಬಿಡುವುದಕ್ಕಿಂತ ಹೆಚ್ಚಿನ ಅಂತರ ಬಿಡಿ. ಪಾಸ್‌ಗಳು ಗಂಟೆಗಟ್ಟಲೆ ಮುಚ್ಚುವುದುಂಟು. ಟ್ಯಾಂಕ್ ಅರ್ಧಕ್ಕಿಂತ ಕಡಿಮೆಯಾಗದಿರಲಿ, ಕಾರಿನಲ್ಲಿ ಕಂಬಳಿ, ಸಲಿಕೆ, ನೀರು, ತಿಂಡಿ ಇರಲಿ.

ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸಂಜೆ 4.20ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾಗಿ ಎಂಟಕ್ಕೆ ಹಾದಿಯ ಬಾಯಿಯಲ್ಲಿರಿ, ಎರಡು ಗಂಟೆಗೆ ಕಾರಿನ ಬಳಿ ಮರಳಿರಿ.

ಕಟ್ಟಿಕೊಂಡು ನಡೆಯುವುದು

ಸಮತಟ್ಟಾದ ಜಾಗದಲ್ಲಿ ಸ್ನೋಶೂಗಳನ್ನು ಪಕ್ಕಪಕ್ಕ ಇಡಿ. ಪಟ್ಟಿಯ ತುದಿ ಹೊರಗಡೆಗೆ ಬರಬೇಕು. ಒಳಗಡೆಗಿದ್ದರೆ ಇನ್ನೊಂದು ಕಾಲು ಅದನ್ನು ತುಳಿಯುತ್ತದೆ. ಬೂಟಿನ ಅಡಿಯ ಹಿಮವನ್ನು ಕೋಲಿನಿಂದ ತಟ್ಟಿ ಉದುರಿಸಿ, ಪಾದದ ಮುಂಭಾಗದ ಉಬ್ಬು ಸರಿಯಾಗಿ ತಿರುಗುವ ಕೀಲಿನ ಮೇಲೆ ಕೂರುವಂತೆ ಇಟ್ಟು, ಮುಂದಿನಿಂದ ಹಿಂದಕ್ಕೆ ಪಟ್ಟಿಗಳನ್ನು ಬಿಗಿಯಿರಿ. ಐದು ನಿಮಿಷ ನಡೆದ ಮೇಲೆ ಮತ್ತೆ ನಿಂತು ಬಿಗಿಯಬೇಕು, ಅಷ್ಟರಲ್ಲಿ ಸಡಿಲವಾಗಿರುತ್ತದೆ.

ನಡೆಯುವಾಗ ಕಾಲುಗಳ ನಡುವೆ ಒಂದು ಚೋಟು ಹೆಚ್ಚು ಅಂತರವಿರಲಿ. ಪಾದವನ್ನು ಎತ್ತುವಾಗ ಸ್ನೋಶೂವಿನ ಬಾಲ ಹಿಂದೆ ಎಳೆದುಕೊಂಡು ಬರುತ್ತದೆ, ಬರಲಿ ಬಿಡಿ. ಹಿಂದಕ್ಕೆ ಹೆಜ್ಜೆ ಇಡಲು ಮಾತ್ರ ಹೋಗಬೇಡಿ. ಬಾಲ ಹಿಮಕ್ಕೆ ನೆಟ್ಟುಕೊಂಡು ಕೆಡವುತ್ತದೆ. ತಿರುಗಬೇಕಾದರೆ ಪುಟ್ಟ ಸುತ್ತು ಹಾಕಿ ತಿರುಗಿ. ಏರಿನಲ್ಲಿ ತುದಿಗಾಲನ್ನು ಹಿಮಕ್ಕೆ ಒದ್ದು ಮೆಟ್ಟಿಲು ಮಾಡಿಕೊಂಡು, ಉಕ್ಕಿನ ಹಲ್ಲು ಕಚ್ಚಿದ ಮೇಲೆ ಭಾರ ಹಾಕಿ. ಇಳಿಯುವಾಗ ಮೊಣಕಾಲು ಬಗ್ಗಿಸಿ, ಮೈಯನ್ನು ಕೊಂಚ ಹಿಂದಕ್ಕೆ ವಾಲಿಸಿ, ಹಿಮ್ಮಡಿಯ ಮೇಲೆ ಇಳಿಯಿರಿ. ಕೆಸರು ಗದ್ದೆಯ ಅಂಚಿನಿಂದ ಇಳಿಯುವವರ ಕಾಲುಗಳು ಇದನ್ನು ತಾವಾಗಿಯೇ ಮಾಡುತ್ತವೆ. ಬಿದ್ದರೆ ಕೋಲಿನ ಮೇಲೆ ಭಾರ ಹಾಕಿ ಏಳಲು ಹೆಣಗಬೇಡಿ, ಕೋಲು ಮುಳುಗುತ್ತದೆ. ಮಗ್ಗುಲಿಗೆ ಹೊರಳಿ, ಮಂಡಿಯೂರಿ, ಎರಡು ಕೋಲುಗಳನ್ನು ಅಡ್ಡಡ್ಡ ಜೋಡಿಸಿ ಹಿಮದ ಮೇಲಿಟ್ಟು ಅದನ್ನು ಒತ್ತಿ ಏಳಿ.

ಯಾರೂ ತುಳಿಯದ ಹಿಮದಲ್ಲಿ ಮುಂದೆ ಹೋಗುವವರ ಶ್ರಮ ದೊಡ್ಡದು. ಐದೈದು ನಿಮಿಷಕ್ಕೊಮ್ಮೆ ಮುಂದಿನವರು ಪಕ್ಕಕ್ಕೆ ಸರಿದು ಸಾಲಿನ ಹಿಂದಕ್ಕೆ ಹೋಗಲಿ. ಬೇಸಿಗೆಯಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುವವರು ಇಲ್ಲಿ ಎರಡೆಂದು ಲೆಕ್ಕ ಹಾಕಿ. ಪಕ್ಕದಲ್ಲಿ ಸ್ಕೀ ಮಾಡುವವರ ಜೋಡಿ ಗೆರೆಗಳು ಕಂಡರೆ ಅವುಗಳ ಮೇಲೆ ಕಾಲಿಡಬೇಡಿ. ಅವರಿಗೆ ಅದು ಹಳಿ.

ದೇವದಾರುವಿನಂತಹ ದೊಡ್ಡ ಮರಗಳ ಬುಡದಿಂದ ದೂರವಿರಿ. ಕೊಂಬೆಗಳು ಹಿಮವನ್ನು ತಡೆಯುವುದರಿಂದ ಬುಡದ ಸುತ್ತ ಸಡಿಲ ಹಿಮದ ಬಾವಿಯಂಥ ಟೊಳ್ಳು ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಅದರೊಳಕ್ಕೆ ತಲೆಕೆಳಗಾಗಿ ಬಿದ್ದವರು ತಾವಾಗಿಯೇ ಮೇಲೆ ಬರುವುದು ಬಹಳ ಕಷ್ಟ. ಕಣ್ಣಳತೆಯಲ್ಲಿ ಜೊತೆಗಾರರಿಲ್ಲದೆ ಕಾಡಿನಲ್ಲಿ ಅಲೆಯಬಾರದೆನ್ನುವುದು ಇದಕ್ಕಾಗಿಯೇ.

ಕೆಲವು ದಿನ ನಡೆದ ಮೇಲೆ ಕಾಲಿನ ಕೆಳಗಿನ ಸದ್ದಿನಿಂದಲೇ ಹಿಮದ ಜಾತಿ ತಿಳಿಯತೊಡಗುತ್ತದೆ. ಅಮ್ಮ ಒಂದು ಫೆಬ್ರವರಿಯಲ್ಲಿ ಬಂದಿದ್ದಾಗ ಗೋಲ್ಡ್ ಕ್ರೀಕ್‌ನಲ್ಲಿ ಹತ್ತು ಹೆಜ್ಜೆ ನಡೆದು ನಿಂತು, “ಇದು ಅರಳು ತುಳಿದ ಹಾಗಿದೆ” ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಹಿಮಕ್ಕೆ ಅಡುಗೆಮನೆಯ ಹೆಸರುಗಳು. ಹೊಸದಾಗಿ ಬಿದ್ದದ್ದು ಅರಳು, ಗಾಳಿಗೆ ಪುಡಿಯಾದದ್ದು ರವೆ, ಮಳೆ ಬಿದ್ದ ಮೇಲಿನದು ನೆನೆದ ಅವಲಕ್ಕಿ. ಹಳೆಯ ಹಿಮದ ಅಡಿಯಲ್ಲಿ ಒಂದಕ್ಕೊಂದು ಅಂಟದೆ ಜಾರುವ ಹರಳುಗಳಿಗೆ ಇಲ್ಲಿಯವರೂ ಸಕ್ಕರೆ ಎಂದೇ ಹೇಳುತ್ತಾರೆ, ಅದನ್ನು ಕಂಡರೆ ಹೆದರುತ್ತಾರೆ. ಏಕೆಂದು ಮುಂದೆ ಹೇಳುತ್ತೇನೆ.

ಕುಸಿಯುವ ಇಳಿಜಾರು

ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ. ಸ್ನೋಶೂ ಸುಲಭವಾದ್ದರಿಂದಲೇ ಅದು ಅನನುಭವಿಗಳನ್ನು ಅಪಾಯದ ಜಾಗಕ್ಕೂ ಅಷ್ಟೇ ಸುಲಭವಾಗಿ ಕರೆದೊಯ್ಯುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಹೇಗೆ ಜಾರಿದವೆಂದು ನಮಗೆ ಗೊತ್ತು. ಇಳಿಜಾರು ಕಡಿದಾಗಿತ್ತು, ಮಳೆ ನೀರು ಮಣ್ಣಿನ ಭಾರ ಹೆಚ್ಚಿಸಿತು, ಹಿಡಿತ ಕಳೆಯಿತು. ಹಿಮದಲ್ಲೂ ನಡೆಯುವುದು ಬಹುಮಟ್ಟಿಗೆ ಇದೇ. ಹಿಮ ಪದರಪದರವಾಗಿ ಕೂರುತ್ತದೆ. ಕೆಳಗೆಲ್ಲೋ ಸಕ್ಕರೆಯಂಥ ದುರ್ಬಲ ಪದರವಿದ್ದು, ಮೇಲೆ ಹೊಸ ಹಿಮ ಅಥವಾ ಮಳೆಯ ಭಾರ ಬಿದ್ದರೆ ಇಡೀ ಹಾಸು ಕಳಚಿಕೊಂಡು ಜಾರುತ್ತದೆ. ವ್ಯತ್ಯಾಸವೆಂದರೆ, ಜನ ಸಿಕ್ಕಿಬೀಳುವ ಹಿಮಕುಸಿತಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಶುರುಮಾಡಿದವರು ಸಿಕ್ಕಿಬಿದ್ದವರೋ ಅವರ ಜೊತೆಗಾರರೋ ಆಗಿರುತ್ತಾರೆ. ನಮ್ಮ ಹೆಜ್ಜೆಯೇ ಕೊನೆಯ ಭಾರವಾಗುತ್ತದೆ.

ಸ್ಟೀವನ್ಸ್ ಪಾಸ್ ಬಳಿಯ ವೆಲಿಂಗ್ಟನ್‌ನಲ್ಲಿ 1910ರ ಮಾರ್ಚ್ 1ರಂದು ನಡೆದದ್ದನ್ನು ನೆನೆಯಿರಿ. ಹಿಮದಲ್ಲಿ ಸಿಕ್ಕಿಕೊಂಡ ಎರಡು ರೈಲುಗಳು ದಿನಗಟ್ಟಲೆ ನಿಂತಿದ್ದವು. ಹಿಮ ಮಳೆಯಾಗಿ ಬದಲಾಯಿತು, ಗುಡುಗು ಬಂತು. ಕಾಡ್ಗಿಚ್ಚಿನಿಂದ ಬೋಳಾಗಿದ್ದ ಇಳಿಜಾರಿನಿಂದ ಹಿಮದ ಗೋಡೆ ಜಾರಿ ಬಂದು ರೈಲುಗಳನ್ನು ಕಣಿವೆಗೆ ತಳ್ಳಿತು. 96 ಜನ ಸತ್ತರು. ಅಮೆರಿಕದಲ್ಲಿ ಇದಕ್ಕಿಂತ ಹೆಚ್ಚು ಜೀವ ತೆಗೆದ ಹಿಮಕುಸಿತ ಇನ್ನೊಂದಿಲ್ಲ. ಹಿಮದ ಮೇಲೆ ಮಳೆ ಎಂಬ ಈ ಜೋಡಿ ಕ್ಯಾಸ್ಕೇಡ್‌ನಲ್ಲಿ ಪ್ರತಿ ಚಳಿಗಾಲವೂ ಮರಳುತ್ತದೆ.

ಮಾಡಬೇಕಾದದ್ದು ಇಷ್ಟು. ಹೊರಡುವ ಬೆಳಿಗ್ಗೆ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ಹಿಮಕುಸಿತದ ಮುನ್ಸೂಚನೆ ಓದಿ. ಅಪಾಯವನ್ನು 1ರಿಂದ 5ರವರೆಗೆ ಹೇಳಿರುತ್ತಾರೆ. ಮೂರು ಎಂದರೆ ಮಧ್ಯಮವೆಂದು ನಮ್ಮ ಮನಸ್ಸು ಸಮಾಧಾನ ಹೇಳುತ್ತದೆ, ಅದನ್ನು ನಂಬಬೇಡಿ; ಮೂರರ ದಿನ ಮನುಷ್ಯರ ಭಾರಕ್ಕೆ ಹಿಮ ಜಾರುವ ಸಂಭವ ನಿಜಕ್ಕೂ ಇದೆ. ಹೊಸಬರು ಮೂರರ ದಿನ ಸಮತಟ್ಟು ಕಾಡಿಗೆ ಮಾತ್ರ ಹೋಗಲಿ, ನಾಲ್ಕು ಐದರ ದಿನ ಬೆಟ್ಟಕ್ಕೇ ಬೇಡ. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಆಗುತ್ತವೆ. ಮೊಬೈಲ್‌ನಲ್ಲಿ ಕೋನ ಅಳೆಯುವ ಸೌಲಭ್ಯವಿರುತ್ತದೆ. ಕೋಲನ್ನು ಇಳಿಜಾರಿನ ಮೇಲೆ ಮಲಗಿಸಿ ಅದರ ಮೇಲೆ ಮೊಬೈಲ್ ಇಟ್ಟು ನೋಡಿ. ಅಂಥ ಇಳಿಜಾರನ್ನು ಹತ್ತದಿದ್ದರೆ ಸಾಲದು, ಅದರ ಬುಡದಲ್ಲೂ ಹಾಯಬಾರದು. ಮರಗಳೇ ಇಲ್ಲದ ಬಿಳಿ ಪಟ್ಟೆಯೊಂದು ದಟ್ಟ ಕಾಡನ್ನು ಸೀಳಿಕೊಂಡು ಕೆಳಗಿಳಿದಿದ್ದರೆ ಅದು ಹಿಮ ಹಲವು ಸಲ ಇಳಿದುಬಂದ ಜಾಡು.

ನಡೆಯುತ್ತಿದ್ದಾಗ ಕಾಲಡಿಯ ಹಿಮ ‘ಧುಂ’ ಎಂದು ಕುಗ್ಗಿದ ಸದ್ದು ಕೇಳಿದರೆ, ಸ್ನೋಶೂವಿನಿಂದ ಬಿರುಕು ಓಡಿದರೆ, ಹತ್ತಿರದಲ್ಲಿ ಹೊಸ ಕುಸಿತ ಕಂಡರೆ, ಕಳೆದ ಒಂದೆರಡು ದಿನಗಳಲ್ಲಿ ಭಾರಿ ಹಿಮ ಬಿದ್ದಿದ್ದರೆ, ಹಠಾತ್ತನೆ ಸೆಖೆಯಾಗಿ ಮಳೆ ಶುರುವಾದರೆ, ಬಂದ ಹೆಜ್ಜೆ ಗುರುತಿನ ಮೇಲೆಯೇ ಹಿಂತಿರುಗಿ. ನಾನು ನಾಲ್ಕು ಸಲ ಹೀಗೆ ಹಿಂತಿರುಗಿದ್ದೇನೆ. ಒಮ್ಮೆ ಪ್ಯಾರಡೈಸ್‌ನ ಮೇಲೆ ಪನೋರಮಾ ಪಾಯಿಂಟ್‌ಗೆ ಇನ್ನು ಅರ್ಧ ಗಂಟೆ ಇದ್ದಾಗ ಮೋಡ ಇಳಿದು ನೆಲ, ಆಕಾಶ ಒಂದೇ ಬಿಳುಪಾಯಿತು. ಜೊತೆಯಲ್ಲಿದ್ದವರಿಗೆ ಬೇಸರವಾಯಿತು. ನನಗೂ ಆಗಿತ್ತು. ಆದರೂ ಹೆಜ್ಜೆ ಗುರುತು ಅಳಿಯುವ ಮೊದಲು ಇಳಿದೆವು.

ಕಡಿದಾದ ಬೆಟ್ಟಗಳಿಗೇ ಹೋಗುವ ಆಸೆ ಹುಟ್ಟಿದರೆ ಪ್ರತಿಯೊಬ್ಬರ ಬಳಿಯೂ ಸಂಕೇತ ಕಳಿಸುವ ಬೀಕನ್, ಚುಚ್ಚಿ ಹುಡುಕುವ ಉದ್ದನೆಯ ಕಡ್ಡಿ, ಸಲಿಕೆ ಮೂರೂ ಇರಬೇಕು, ಬಳಸುವ ತರಬೇತಿಯೂ ಆಗಿರಬೇಕು. ಹೂತುಹೋದವರು ಬದುಕುವ ಸಾಧ್ಯತೆ ಮೊದಲ ಹದಿನೈದು ನಿಮಿಷಗಳ ನಂತರ ಕುಸಿಯುತ್ತಾ ಹೋಗುತ್ತದೆ. ಸಹಾಯಕ್ಕೆ ಹೊರಗಿನಿಂದ ಯಾರೂ ಅಷ್ಟರಲ್ಲಿ ಬರಲಾರರು.

ಬೆನ್ನಚೀಲ ಮತ್ತು ಬುತ್ತಿ

ಬೆಟ್ಟಕ್ಕೆ ಹೋಗುವವರೆಲ್ಲ ಒಯ್ಯಬೇಕಾದ ಹತ್ತು ವಸ್ತುಗಳ ಪಟ್ಟಿ ಹುಟ್ಟಿದ್ದೇ ಈ ಊರಿನಲ್ಲಿ. 1906ರಲ್ಲಿ ಸ್ಥಾಪನೆಯಾದ ಸಿಯಾಟಲ್‌ನ ಮೌಂಟನೀಯರ್ಸ್ ಸಂಘ 1930ರ ದಶಕದಲ್ಲಿ ಅದನ್ನು ರೂಪಿಸಿತು. ದಾರಿ ತೋರುವ ನಕ್ಷೆ, ತಲೆಗೆ ಕಟ್ಟುವ ದೀಪ, ಬಿಸಿಲಿನಿಂದ ರಕ್ಷಣೆ, ಪ್ರಥಮ ಚಿಕಿತ್ಸೆ, ಚಾಕು, ಬೆಂಕಿ ಹಚ್ಚಲು ಸಾಧನ, ಮರೆಯಾಗಲು ಒಂದು ಹೊದಿಕೆ, ಹೆಚ್ಚಿನ ಆಹಾರ, ಹೆಚ್ಚಿನ ನೀರು, ಹೆಚ್ಚಿನ ಬಟ್ಟೆ. ಎರಡು ಗಂಟೆಯ ನಡಿಗೆಗೂ ಇವೆಲ್ಲ ಇರಲಿ. ಮೊಬೈಲನ್ನು ಮೈಗೆ ತಾಗುವ ಜೇಬಿನಲ್ಲಿಡಿ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ, ಬೆಟ್ಟದೊಳಗೆ ಸಿಗ್ನಲ್ ಇರುವುದಿಲ್ಲ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಊರಿನಲ್ಲಿರುವ ಒಬ್ಬರಿಗೆ ಹೇಳಿಟ್ಟು ಹೋಗಿ.

ಅನ್ನದ ಬುತ್ತಿ ಚಳಿಗೆ ಕಲ್ಲಾಗುತ್ತದೆ. ಚಿಕ್ಕಿ ಹಲ್ಲಿಗೆ ಸವಾಲಾಗುತ್ತದೆ. ಚಟ್ನಿಪುಡಿ, ತುಪ್ಪ ಸವರಿ ಸುತ್ತಿದ ಚಪಾತಿ, ಕೋಡುಬಳೆ, ಹುರಿದ ಶೇಂಗಾ, ಖರ್ಜೂರ ಒಳ್ಳೆಯವು. ಕೈಗವಸು ತೆಗೆಯದೆ ತಿನ್ನುವಂತಿರಬೇಕು. ಗಂಟೆಗೊಮ್ಮೆ ಸ್ವಲ್ಪ ತಿನ್ನಿ. ಫ್ಲಾಸ್ಕಿನಲ್ಲಿ ಕಾಳುಮೆಣಸಿನ ಸಾರು ಒಯ್ಯಿರಿ. ಹಿಮದ ನಡುವೆ ನಿಂತು ಮುಚ್ಚಳದಲ್ಲಿ ಕುಡಿದ ಆ ಸಾರಿಗೆ ಸಮನಾದದ್ದನ್ನು ನಾನು ಯಾವ ಮದುವೆಯ ಪಂಕ್ತಿಯಲ್ಲೂ ಕುಡಿದಿಲ್ಲ. ಬಾಯಾರಿಕೆ ಗೊತ್ತಾಗುವುದಿಲ್ಲವೆಂದು ನೀರು ಮರೆಯಬೇಡಿ. ಹಿಮ ತಿಂದು ಬಾಯಾರಿಕೆ ತೀರಿಸಿಕೊಳ್ಳುವುದು ಬೇಡ, ಅದನ್ನು ಕರಗಿಸಲು ಮೈಯ ಶಾಖವೇ ಖರ್ಚಾಗುತ್ತದೆ.

ಜೊತೆಗಾರರ ಮೇಲೆ ಕಣ್ಣಿಡಿ. ಮಾತು ತೊದಲುವುದು, ಎಡವುವುದು, ಜಿಪ್ ಎಳೆಯಲಾಗದಿರುವುದು, ಕಾರಣವಿಲ್ಲದ ಸಿಡುಕು ಇವೆಲ್ಲ ದೇಹದ ಉಷ್ಣಾಂಶ ಇಳಿಯುತ್ತಿರುವ ಲಕ್ಷಣಗಳು. ಒದ್ದೆ ಬಟ್ಟೆ ಬದಲಿಸಿ, ಒಣಗಿದ್ದು ಹೊದಿಸಿ, ಸಿಹಿಯಾದ ಬಿಸಿ ಪಾನೀಯ ಕುಡಿಸಿ, ಹಿಂತಿರುಗಿ. ಬೆರಳು, ಕಿವಿ ಬೆಳ್ಳಗಾಗಿ ಸ್ಪರ್ಶ ತಪ್ಪಿದ್ದರೆ ಉಜ್ಜಬೇಡಿ. ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ಊರಿನಿಂದ ಬಂದ ಹಿರಿಯರಿಗೆ ರಕ್ತದೊತ್ತಡವಿದ್ದರೆ ವೈದ್ಯರನ್ನು ಕೇಳಿಯೇ ಕರೆದೊಯ್ಯಿರಿ, ಚಳಿಯಲ್ಲಿ ಅದು ಏರುತ್ತದೆ.

ಬೇರೆ ಆಟಗಳು

ಸ್ನೋಶೂವಿನಲ್ಲಿ ಕಾಲು ಪಳಗಿದ ಮೇಲೆ ನನ್ನ ಸಲಹೆ ಕ್ರಾಸ್‌ಕಂಟ್ರಿ ಸ್ಕೀ. ಇಳಿಜಾರಿನಲ್ಲಿ ರಭಸದಿಂದ ಇಳಿಯುವುದಲ್ಲ, ತೆಳುವಾದ ಉದ್ದ ಸ್ಕೀಗಳ ಮೇಲೆ ಸಮತಟ್ಟಿನಲ್ಲಿ ತೇಲುತ್ತಾ ಹೋಗುವುದು. ಇದಕ್ಕೆ ಶ್ರೇಣಿಯ ಪೂರ್ವಕ್ಕಿರುವ ಮೆಥೌ ಕಣಿವೆಗೆ ಹೋಗಬೇಕು. ಮಳೆ ನೆರಳಿನ ಆ ನಾಡಿನಲ್ಲಿ ಹಿಮ ಒಣದು, ಆಕಾಶ ತಿಳಿ, ಯಂತ್ರದಿಂದ ಹದಗೊಳಿಸಿದ ಹಾದಿ 200 ಕಿಲೋಮೀಟರ್ ಮಿಕ್ಕಿ ಇದೆ. ಚಳಿ ಮಾತ್ರ ಹೆಚ್ಚು. ಅಲ್ಲಿಗೆ ಇನ್ನೊಂದು ಪದರ ಸೇರಿಸಿ.

ಇಳಿಜಾರಿನ ಸ್ಕೀಯಿಂಗ್‌ಗೆ ಗೆಳೆಯರ ಪಾಠ ಬೇಡ, ತರಬೇತುದಾರರ ಒಂದು ದಿನದ ತರಗತಿ ಸೇರಿ. ಮೊದಲ ದಿನ ಕಲಿಯಬೇಕಾದದ್ದು ನಿಲ್ಲುವುದನ್ನು: ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು, ಬಾಲಗಳನ್ನು ಅಗಲಿಸುವುದು. ಹಸಿರು ವೃತ್ತದ ಗುರುತಿರುವ ಇಳಿಜಾರು ಹೊಸಬರಿಗೆ, ನೀಲಿ ಚೌಕ ಅದರ ಮುಂದಿನದು, ಕಪ್ಪು ವಜ್ರ ನುರಿತವರಿಗೆ. ಹೆಲ್ಮೆಟ್ ಕಡ್ಡಾಯವೆಂದೇ ತಿಳಿಯಿರಿ. ಚಿಕ್ಕ ಮಕ್ಕಳಿದ್ದರೆ ಗಾಳಿ ತುಂಬಿದ ಟ್ಯೂಬಿನಲ್ಲಿ ಜಾರುವ ಜಾಗಗಳು ಸ್ನೋಕ್ವಾಲ್ಮಿಯಲ್ಲಿವೆ, ಮೊದಲೇ ಟಿಕೆಟ್ ಕಾದಿರಿಸಬೇಕು. ರಸ್ತೆ ಬದಿಯ ದಿಬ್ಬಗಳಲ್ಲಿ ಮಕ್ಕಳನ್ನು ಜಾರಲು ಬಿಡಬೇಡಿ. ಕೆಳಗೆ ಮರವೋ ವಾಹನವೋ ಇರುತ್ತದೆ.

ಕರ್ನಾಟಕದಿಂದ ಗುಲ್ಮಾರ್ಗ್, ಔಲಿ ಕಡೆಗೆ ಹೊರಡುವವರಿಗೂ ಬಟ್ಟೆಯ ಮಾತು, ಇಳಿಜಾರಿನ ಮಾತು ಹೀಗೆಯೇ ಅನ್ವಯಿಸುತ್ತವೆ. ಆದರೆ ಅಲ್ಲಿ ಎತ್ತರ ಬೇರೆ. ಗುಲ್ಮಾರ್ಗ್ ಊರೇ 2,650 ಮೀಟರ್ ಮೇಲಿದೆ, ಹಗ್ಗದ ಮೇಲೆ ತೂಗುತ್ತಾ ಸಾಗುವ ಗೊಂಡೊಲಾ ಇನ್ನೂ 1,300 ಮೀಟರ್ ಮೇಲಕ್ಕೆ ಒಯ್ಯುತ್ತದೆ. ತಲುಪಿದ ದಿನ ಸುಮ್ಮನೆ ವಿಶ್ರಮಿಸಿ, ಮರುದಿನ ನಡೆಯಿರಿ. ತಲೆನೋವು, ವಾಕರಿಕೆ ಬಂದರೆ ಕೆಳಗಿಳಿಯಿರಿ.

ಮನೆಗೆ ಬಂದ ಮೇಲೆ

ಎಷ್ಟೇ ದಣಿದಿದ್ದರೂ ಒದ್ದೆ ಸಾಮಾನುಗಳನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟು ಮಲಗಬೇಡಿ, ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಸ್ನೋಶೂವಿನ ಹಲ್ಲುಗಳನ್ನು ಒರೆಸಿ ಗೋಡೆಗೆ ನೇತುಹಾಕಿ. ಜಾಕೆಟ್‌ನ ಎಲ್ಲ ಜಿಪ್‌ಗಳನ್ನೂ ತೆರೆದು ಹರವಿ. ಊರಿನಲ್ಲಿ ಮಳೆಗಾಲದ ಬಟ್ಟೆಗಳನ್ನು ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿ ಒಣಗಿಸುತ್ತಿದ್ದೆವು. ಬೂಟನ್ನು ಹಾಗೆ ಶಾಖದೆದುರು ಇಟ್ಟರೆ ಅಡಿಯ ಅಂಟು ಬಿಟ್ಟುಕೊಳ್ಳುತ್ತದೆ. ಒಳಗಿನ ಮೆತ್ತೆ ಹೊರತೆಗೆದು, ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ಬೂಟಿನೊಳಗೆ ತುಂಬಿ, ಮಲಗುವ ಮುನ್ನ ಒಮ್ಮೆ ಆ ಕಾಗದ ಬದಲಿಸಿ. ಬೆಳಗಾಗುವಷ್ಟರಲ್ಲಿ ಒಣಗಿರುತ್ತವೆ.